ಜಗಲಿ ಮ್ಯಾಲಿನ ಖಂಡೆ

ಹೋದ ವರ್ಷ ಶ್ರಾವಣದಾಗ ಒಂದು ರಾತ್ರಿ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ರಿಲೀಸ್ ಕಾಲ್ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದೆ. ಊರಿಂದ ಕಾಕಾನ ಫೋನು ಎರಡು ಸಲ ಬಂತು, ಕಟ್ ಮಾಡಿದೆ. ಮೂರನೇ ಸಲ ಈ ಕಡೆ ಮ್ಯೂಟ್ ಮಾಡಿ ಎತ್ತಿದೆ.

"ನಿನ್ನ ತಮ್ಮನ್ನ ಠಾಣೆಕ್ಕ ಕರ್ಸ್ಯಾರಪಾ" ಅಂದರು ಕಾಕಾ. ದನಿ ನಡುಗುತ್ತಿತ್ತು.

ಆಗಿದ್ದು ಇಷ್ಟು. ಕಾಕಾನ ಮಗನಿಗೆ ಅವತ್ತು ಇಪ್ಪತ್ತೆರಡು ತುಂಬಿತ್ತು. ಶಹಾಪುರದ ಗೆಳೆಯರು ಕೇಕ್ ತಂದಿದ್ದರು. ಯಾವುದೋ ಜಾತ್ರೆಯಾಗ ಕೊಂಡಿದ್ದ ತಲವಾರಿನಿಂದ ಇವನು ಅದನ್ನು ಕತ್ತರಿಸಿದ್ದ. ಹಿಂದೆ ಡಿಜೆ ಹಾಡು, ಮುಂದೆ ಮೊಬೈಲು, ಆಮೇಲೆ ಸ್ಟೇಟಸ್ಸು. ಅದು ನೋಡಬೇಕಾದವರ ಕಣ್ಣಿಗೇ ಬಿತ್ತು. ಪುಣ್ಯಕ್ಕೆ ಕೇಸು ಮಾಡಲಿಲ್ಲ. ಮುಚ್ಚಳಿಕೆ ಬರೆಸಿಕೊಂಡು, ತಲವಾರು ಇಟ್ಟುಕೊಂಡು, ಬುದ್ಧಿ ಹೇಳಿ ಕಳಿಸಿದರು.

ಮರುದಿನ ನಾನೂ ಫೋನು ಮಾಡಿ ಬುದ್ಧಿ ಹೇಳಿದೆ. ನೌಕರಿ, ಪೊಲೀಸ್ ವೆರಿಫಿಕೇಶನ್ನು, ಪಾಸ್‌ಪೋರ್ಟು ಅಂತ ಹೆದರಿಸಿದೆ. ಅವನು ಎಲ್ಲಾ ಕೇಳಿಸಿಕೊಂಡು ಕಡೆಗೆ ಒಂದೇ ಮಾತು ಕೇಳಿದ.

"ಯಣ್ಣ, ನಮ್ಮ ಮನಿ ಜಗಲಿ ಮ್ಯಾಲ ಖಂಡೆ ಅದ. ವರ್ಷಾ ಪೂಜಿ ಮಾಡ್ತೀವಿ. ಯಾವ ಗುಡಿಗಿ ಹೋದ್ರೂ ದೇವ್ರ ಕೈಯಾಗ ಆಯುಧನೇ ಅದಾವ. ದೇವ್ರು ಹಿಡದ್ರ ಕೈ ಮುಗೀತೀರಿ, ನಾ ಹಿಡದ್ರ ತಪ್ಪೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಜಾಸ್ತಿ ಮಾತಾಡ್ಬ್ಯಾಡ" ಅಂತ ಫೋನಿಟ್ಟೆ. ದೊಡ್ಡವರು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದು. ಅದಾದ ಮೇಲೆ ಸುಮಾರು ದಿನ ಆ ಪ್ರಶ್ನೆ ತಲೆಯೊಳಗೆ ಓಪನ್ ಟಿಕೆಟ್ ಥರ ಉಳಿದುಕೊಂಡಿತು. ಅದನ್ನು ಕ್ಲೋಸ್ ಮಾಡುವ ಪ್ರಯತ್ನ ಈ ಬರಹ.

ಮೊದಲು ನಮ್ಮ ಜಗಲಿಯಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಮನೆಯೊಳಗಿನ ದೇವರ ಕಟ್ಟೆಗೆ ಜಗಲಿ ಅಂತೀವಿ. ನಮ್ಮ ಜಗಲಿ ಮೇಲೆ ಒಂದು ಹಳೇ ಕತ್ತಿಯ ಅಲಗು ಇದೆ. ಹಿಡಿ ಎಂದೋ ಹೋಗಿದೆ, ಮೊನೆ ಮೊಂಡಾಗಿದೆ. ದಸರೆಯ ನವಮಿ ದಿನಕ್ಕೆ ಬೆಂಗಳೂರಿನವರು ಆಯುಧಪೂಜೆ ಅಂದರೆ ನಾವು ಖಂಡೇ ನವಮಿ, ಖಂಡೇ ಪೂಜಿ ಅಂತೀವಿ. ಖಂಡೆ ಅಂದರೆ ಕತ್ತಿ. ಅವತ್ತು ಆಯಿ ಆ ಅಲಗನ್ನು ಕೆಳಗಿಳಿಸಿ, ಒರೆಸಿ, ಎಣ್ಣೆ ಸವರಿ, ಭಂಡಾರ ಹಚ್ಚಿ ಮತ್ತೆ ಅಲ್ಲೇ ಇಡುತ್ತಿದ್ದಳು. ಅದರ ಕೆಳಗೆ ಸಾಲಾಗಿ ಕುಡಗೋಲು, ಕೊಡ್ಲಿ, ಸಲಿಕಿ, ಕೂರಿಗಿ, ಅಪ್ಪನ ಸೈಕಲ್ಲಿನ ಪಾನಾ. ನಾವು ಹುಡುಗರು ಕೂರಿಗಿ ಮುಟ್ಟಬಹುದಿತ್ತು, ಕುಡಗೋಲೂ ಮುಟ್ಟಬಹುದಿತ್ತು. ಅಲಗಿನ ಹತ್ತಿರ ಕೈ ಹೋದರೆ ಮಾತ್ರ ಆಯಿ ಬೈಯುತ್ತಿದ್ದಳು. "ಅದು ನಮ್ದಲ್ಲೋ, ಮಲ್ಲಯ್ಯಂದು."

ಮಲ್ಲಯ್ಯ ಅಂದರೆ ಯಾದಗಿರಿ ತಾಲ್ಲೂಕಿನ ಮೈಲಾಪುರದ ಮಲ್ಲಯ್ಯ, ಮೈಲಾರಲಿಂಗ. ನಮ್ಮ ಮನೆದೇವರು. "ನಮ್ದಲ್ಲ" ಅನ್ನುವ ಆ ಮಾತು ಮಡಿ ಮೈಲಿಗೆಯ ವಿಷಯ ಅಂತ ಅಂದುಕೊಂಡೇ ಬೆಳೆದೆ. ಅದರ ಅರ್ಥ ಗೊತ್ತಾಗಲು ಆಫೀಸಿನ ಗೆಳೆಯರ ಜೊತೆ ಸೋಮನಾಥಪುರಕ್ಕೆ ವೀಕೆಂಡ್ ಟ್ರಿಪ್ ಹೋಗಬೇಕಾಯಿತು.

ಸೋಮನಾಥಪುರದ ಕೇಶವ ದೇವಾಲಯ 1258ರದ್ದು, ಹೊಯ್ಸಳರ ಕಾಲದ್ದು. ಗೋಡೆ ತುಂಬಾ ವಿಷ್ಣುವಿನ ಮೂರ್ತಿಗಳು. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಥರ. ಅದೇ ಕಿರೀಟ, ಅದೇ ಶಾಂತ ಮುಖ, ಅದೇ ನಾಲ್ಕು ಕೈ. ಗೈಡ್ ಒಂದು ಮೂರ್ತಿಗೆ ಕೇಶವ ಅಂದ, ಪಕ್ಕದ್ದಕ್ಕೆ ಮಾಧವ ಅಂದ. "ಹೆಂಗ್ ಗೊತ್ತಾಗುತ್ತೆ?" ಅಂತ ಕೇಳಿದ್ದಕ್ಕೆ ಕೈಗಳನ್ನು ತೋರಿಸಿದ. ಶಂಖ, ಚಕ್ರ, ಗದೆ, ಪದ್ಮ. ಯಾವುದು ಯಾವ ಕೈಯಲ್ಲಿದೆ ಅನ್ನುವುದರ ಮೇಲೆ ಹೆಸರು. ನಾಲ್ಕು ವಸ್ತು, ನಾಲ್ಕು ಕೈ. ಎಂಜಿನಿಯರಿಂಗ್ ಓದಿದ ಯಾರಿಗೂ ಮುಂದಿನದು ಹೇಳಬೇಕಿಲ್ಲ. 4×3×2×1, ಒಟ್ಟು 24 ಜೋಡಣೆ. ಕೇಶವ, ನಾರಾಯಣ, ಮಾಧವ, ಗೋವಿಂದ ಅಂತ ಆಚಮನದಲ್ಲಿ ಹೇಳುವ ಹೆಸರುಗಳೂ ಸರಿಯಾಗಿ 24. ಅಂದರೆ ಮುಖ ನೋಡಿ ದೇವರನ್ನು ಗುರುತಿಸುವ ಹಾಗಿಲ್ಲ, ಕೈಯಲ್ಲಿ ಇರುವುದನ್ನು ನೋಡಿ ಗುರುತಿಸಬೇಕು. ನಮ್ಮ ಕೊರಳಿನ ಐಡಿ ಕಾರ್ಡಿನ ಕೆಲಸವನ್ನು ಅಲ್ಲಿ ಆಯುಧ ಮಾಡುತ್ತದೆ.

ಶಿಲ್ಪಿಗಳು ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ಚಕ್ರಕ್ಕೆ, ಗದೆಗೆ ಮನುಷ್ಯರ ರೂಪ ಕೊಟ್ಟು ದೇವರ ಕಾಲ ಬಳಿ ಸಣ್ಣಗೆ ನಿಲ್ಲಿಸಿದರು. ಇವಕ್ಕೆ ಆಯುಧಪುರುಷ ಅಂತ ಹೆಸರು. ನಿಂತ ಭಂಗಿ ನೋಡಿದರೆ ಯಜಮಾನನ ಅಪ್ಪಣೆಗೆ ಕಾದು ನಿಂತ ಆಳಿನ ಹಾಗೆ. ಅಪ್ಪಣೆ ಇಲ್ಲದೆ ಕದಲುವ ಹಾಗಿಲ್ಲ.

ದೇವಿಯ ಕಥೆ ಇನ್ನೂ ಚಂದ ಇದೆ. ದೇವೀ ಮಾಹಾತ್ಮ್ಯೆಯಲ್ಲಿ ಮಹಿಷಾಸುರನ ಮೇಲೆ ಹೊರಟ ದೇವಿಯ ಕೈಯಲ್ಲಿದ್ದ ಆಯುಧಗಳಲ್ಲಿ ಅವಳದ್ದು ಅಂತ ಒಂದೂ ಇಲ್ಲ. ಶಿವ ತ್ರಿಶೂಲ ಕೊಟ್ಟ, ವಿಷ್ಣು ಚಕ್ರ ಕೊಟ್ಟ, ವಾಯು ಬಿಲ್ಲು, ಇಂದ್ರ ವಜ್ರ, ಯಮ ದಂಡ, ಕಾಲ ಕತ್ತಿ ಮತ್ತು ಗುರಾಣಿ, ವಿಶ್ವಕರ್ಮ ಕೊಡಲಿ. ಒಬ್ಬೊಬ್ಬರಿಂದಲೂ ಆಗದ ಕೆಲಸಕ್ಕೆ ಎಲ್ಲರೂ ತಮ್ಮ ತಮ್ಮ ಬಲವನ್ನು ಒಬ್ಬಳ ಕೈಗೆ ಒಪ್ಪಿಸಿದರು. ಆಯಿ ಹೇಳಿದ "ನಮ್ದಲ್ಲ" ನನಗೆ ಅಲ್ಲಿ ಕೇಳಿಸಿತು.

ಈಗ ಮೈಲಾಪುರಕ್ಕೆ ಬರೋಣ. ಸಂಕ್ರಾಂತಿಗೆ ಅಲ್ಲಿ ಜಾತ್ರೆ. ಗುಡ್ಡದ ಗವಿಯೊಳಗೆ ಮಲ್ಲಯ್ಯ. "ಏಳು ಕೋಟಿ" ಅಂತ ಜನ ಕೂಗುವುದು, ಗಾಳಿಯಲ್ಲೆಲ್ಲ ಭಂಡಾರ, ಎಲ್ಲರ ಮುಖವೂ ಅರಿಶಿನ. ಮೈಲಾರಲಿಂಗ ಕುದುರೆ ಮೇಲೆ ಕೂತ ದೇವರು. ಕೈಯಲ್ಲಿ ಖಡ್ಗ, ತ್ರಿಶೂಲ, ಡಮರು, ಬಟ್ಟಲು. ಮಹಾರಾಷ್ಟ್ರದಲ್ಲಿ ಇದೇ ದೇವರಿಗೆ ಖಂಡೋಬಾ ಅಂತಾರೆ. ಆ ಹೆಸರಿನಲ್ಲೂ ಖಂಡೆ ಇದೆ ನೋಡಿ. ಮಣಿ ಮತ್ತು ಮಲ್ಲ ಅನ್ನುವ ಇಬ್ಬರು ಅಸುರರನ್ನು ಕೊಲ್ಲಲು ಶಿವ ಎತ್ತಿದ ಅವತಾರ ಅನ್ನುತ್ತದೆ ಪುರಾಣ. ಅದರಲ್ಲಿ ನನಗೆ ಹಿಡಿಸಿದ್ದು ಕೊನೆಯ ಭಾಗ. ಸಾಯುವ ಹೊತ್ತಿಗೆ ಮಣಿ ತನ್ನ ಬಿಳಿ ಕುದುರೆಯನ್ನು ದೇವರಿಗೆ ಕೊಟ್ಟು, ನಿನ್ನ ಸನ್ನಿಧಿಯಲ್ಲೇ ನನಗೂ ಜಾಗ ಕೊಡು ಅಂತ ಬೇಡಿಕೊಂಡ. ದೇವರು ಕೊಟ್ಟ. ಜೇಜೂರಿಯ ಗುಡ್ಡದಲ್ಲಿ ಇವತ್ತಿಗೂ ಮಣಿಗೆ ಪೂಜೆ ಇದೆ. ಮಹಿಷಮರ್ದಿನಿಯ ಹೆಸರಿನೊಳಗೂ ಮಹಿಷ ಉಳಿದಿದ್ದಾನೆ. ದೇವರ ಕತ್ತಿಗೆ ಸಿಕ್ಕವನ ಹೆಸರು ಅಳಿಸಿ ಹೋಗುವುದಿಲ್ಲ.

ಮೈಲಾಪುರದ ಜಾತ್ರೆಯಲ್ಲಿ ಎಲ್ಲರೂ ಉಸಿರು ಹಿಡಿದು ಕಾಯುವ ಘಳಿಗೆ ಅಂದರೆ ಸರಪಳಿ ಹರಿಯುವುದು. ಕಬ್ಬಿಣದ ಸರಪಳಿ ಜಗ್ಗಿ ಹರಿಯುತ್ತಾರೆ. ನಾನು ಮೊದಲ ಸಲ ನೋಡಿದ್ದು ಮುತ್ಯಾನ ಹೆಗಲ ಮೇಲೆ ಕೂತು. ಅಷ್ಟು ಜನರ ನಡುವೆ ಕತ್ತಿ ಬೀಸುವುದು ಯಾರಿಗೂ ಬೇಕಾಗಿರಲಿಲ್ಲ. ಸರಪಳಿ ಹರಿದಾಗ ಮಾತ್ರ ಗುಡ್ಡಕ್ಕೆ ಗುಡ್ಡವೇ ಕೂಗಿತು. ದೇವರಿಗೆ ಎಸೆಯಲು ಜನ ಕುರಿಮರಿ ತರುತ್ತಿದ್ದ ಪದ್ಧತಿಯೂ ಅಲ್ಲಿತ್ತು. ಅದನ್ನು ನಿಷೇಧಿಸಿದ ಮೇಲೂ ಹರಕೆ ನಿಂತಿಲ್ಲ, ಭಂಡಾರ ಎರಚುವುದರಲ್ಲೇ ಜನ ಅದನ್ನು ತೀರಿಸುತ್ತಾರೆ.

ಇದೇ ದೇವರ ಇನ್ನೊಂದು ದೊಡ್ಡ ನೆಲೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಅಲ್ಲಿಯ ಕಾರಣಿಕದ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಭರತ ಹುಣ್ಣಿಮೆ ಮುಗಿದ ಮೇಲೆ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಉಪವಾಸ ಇದ್ದ ಗೊರವಯ್ಯ ಆಳೆತ್ತರ ಮೀರಿದ ಬಿಲ್ಲನ್ನು ಏರಿ "ಸದ್ದಲೇ" ಅನ್ನುತ್ತಾನೆ. ಅಷ್ಟು ಜನವೂ ಗಪ್ ಚಿಪ್. ಆಮೇಲೆ ಒಂದೇ ಒಂದು ವಾಕ್ಯ ನುಡಿದು ಮೇಲಿಂದ ಕೆಳಗೆ ಬೀಳುತ್ತಾನೆ. ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಈ ಸಲದ ಮಳೆ ಹೆಂಗೆ, ಬೆಳೆ ಹೆಂಗೆ, ಸರ್ಕಾರ ಉಳಿಯುತ್ತದೋ ಇಲ್ಲವೋ ಅಂತ ಜನ ವರ್ಷಪೂರ್ತಿ ಆ ವಾಕ್ಯವನ್ನು ಹಿಂಜುತ್ತಾರೆ. ಆ ಬಿಲ್ಲಿನಿಂದ ಹೊರಡುವುದು ಬಾಣ ಅಲ್ಲ, ಮಾತು.

ಇಷ್ಟು ಹೇಳಿ "ನೋಡು ತಮ್ಮಾ, ಆಯುಧ ಅಂದರೆ ಬರೀ ಸಂಕೇತ" ಅಂತ ಮುಗಿಸಬಹುದಿತ್ತು. ಆದರೆ ಹಾಗೆ ಹೇಳಿದರೆ ನಮ್ಮ ನೆಲದ ಇತಿಹಾಸಕ್ಕೆ ಮೋಸ ಮಾಡಿದ ಹಾಗೆ. ಶಹಾಪುರದಿಂದ ಸುರಪುರದ ಬಸ್ಸು ಹತ್ತಿದರೆ ಆಯುಧ ನಿಜವಾಗಿಯೂ ಆಯುಧವಾಗಿದ್ದ ನಾಡಿಗೆ ಹೋಗುತ್ತೀವಿ.

ಭೀಮಾ, ಕೃಷ್ಣಾ ನದಿಗಳ ನಡುವಿನ ಆ ಸೀಮೆ ಬೇಡ ನಾಯಕರದ್ದು. ಸುರಪುರದ ಹತ್ತಿರದ ವಾಗಣಗೇರಿ ಕೋಟೆಗೆ 1705ರ ಫೆಬ್ರುವರಿಯಲ್ಲಿ ಔರಂಗಜೇಬ ಸ್ವತಃ ಬಂದು ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ಬೇಡರ ಬಂದೂಕಿನ ಗುರಿಗೆ ಮೊಘಲರೂ ಹೆದರುತ್ತಿದ್ದರು. ಮರಾಠರ ಧನಾಜಿ ಜಾಧವ ನಾಯಕರ ನೆರವಿಗೆ ಬಂದ. ಏಪ್ರಿಲ್ ಕೊನೆಗೆ ಮೊಘಲ್ ಸೈನ್ಯ ಒಳಗೆ ಹೊಕ್ಕಾಗ ಕೋಟೆ ಖಾಲಿ. ಪಿಡ್ಡನಾಯಕ ತನ್ನವರ ಜೊತೆ ರಾತ್ರೋರಾತ್ರಿ ಪಾರಾಗಿದ್ದ. ಔರಂಗಜೇಬ ಖುದ್ದು ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ. ಆಮೇಲೆ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು ಕಾಯಿಲೆ ಬಿದ್ದ. 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ಡೆಲ್ಲಿಯಲ್ಲಿ ಹುಟ್ಟಿ ಬೆಳೆದ ನನ್ನ ಮ್ಯಾನೇಜರಿಗೆ ಇದನ್ನು ಹೇಳಿದರೆ ಇವತ್ತಿಗೂ ನಂಬುವುದಿಲ್ಲ.

ಇಂಥ ನಾಯಕರು ಸುರಪುರದಲ್ಲಿ ಕೈಮುಗಿದ ದೇವರು ಯಾರು? ವೇಣುಗೋಪಾಲಸ್ವಾಮಿ. ಕೈಯಲ್ಲಿ ಕೊಳಲು.

ನಾನು ಸುರಪುರಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಎದುರು ಸೆಲ್ಫಿ ತಗೊಂಡಿದ್ದೇನೆ, ಗೋಕುಲಾಷ್ಟಮಿಯ ಜಾತ್ರೆಯಲ್ಲಿ ನೀರಿನ ಎರಚಾಟದ ನಡುವೆ ಹುಡುಗರು ಎತ್ತರದ ಕಂಬ ಏರುವುದನ್ನು ನೋಡಿ ಸಿಳ್ಳೆ ಹೊಡೆದಿದ್ದೇನೆ. ಆದರೆ ಬಂದೂಕಿನವರ ಊರಿನಲ್ಲಿ ಕೊಳಲಿನ ದೇವರು ಯಾಕೆ ಅನ್ನುವ ಪ್ರಶ್ನೆ ತಲೆಗೆ ಬಂದಿದ್ದು ತಮ್ಮ ಆ ಮಾತು ಕೇಳಿದ ಮೇಲೆ. ಸೋಮನಾಥಪುರದಲ್ಲೂ ಮೂರು ಗರ್ಭಗುಡಿ ಇವೆ. ಕೇಶವ, ಜನಾರ್ದನ, ವೇಣುಗೋಪಾಲ. ಚಕ್ರ ಹಿಡಿದವನೂ ಅವನೇ, ಕೊಳಲು ಹಿಡಿದವನೂ ಅವನೇ. ದಿನವಿಡೀ ಆಯುಧದ ಜೊತೆ ಬದುಕುವವರಿಗೆ ದೇವರ ಕೈಯಲ್ಲಾದರೂ ಬೇರೇನಾದರೂ ನೋಡಬೇಕು ಅನ್ನಿಸಿತ್ತೇನೋ. ಇದು ನನ್ನ ಊಹೆ, ಅಷ್ಟೇ. ಬಂಗಾರದ ಕೆಲಸಕ್ಕೆ ಹೆಸರಾದ ಸುರಪುರದ ಚಿತ್ರಕಲೆ ಬೆಳೆದದ್ದೂ ಇದೇ ದೊರೆಗಳ ಆಶ್ರಯದಲ್ಲಿ.

ಸುರಪುರದ ಕೊನೆಯ ದೊರೆ ರಾಜಾ ವೆಂಕಟಪ್ಪ ನಾಯಕ. ಇವನು ಚಿಕ್ಕವನಿದ್ದಾಗ ಸಂಸ್ಥಾನ ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಡುಗ ಅವನನ್ನು "ಅಪ್ಪಾ" ಅಂತಲೇ ಕರೆಯುತ್ತಿದ್ದ ಅಂತ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. 1858ರ ಫೆಬ್ರುವರಿಯಲ್ಲಿ ಅದೇ ಹುಡುಗ ಕಂಪನಿ ಸರ್ಕಾರದ ಮೇಲೆ ಬಂಡೆದ್ದ. ಸುರಪುರದ ಬಳಿ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊರೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಮೊದಲು ಮರಣದಂಡನೆ, ಆಮೇಲೆ ಅದು ಇಳಿಯುತ್ತಾ ಬಂದು 4 ವರ್ಷದ ಸೆರೆ. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಅವನ ಜೀವ ಹೋಯಿತು. ತಾನೇ ಹಾರಿಸಿಕೊಂಡನೋ, ಕೈಜಾರಿ ಹಾರಿತೋ, ಮಾತು ಎರಡೂ ಥರ ಇದೆ. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ನನ್ನ ತಮ್ಮನಿಗಿಂತ ಎರಡೇ ವರ್ಷ ದೊಡ್ಡವನು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ಅದೇ ಹೊತ್ತಿಗೆ, 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಿ ಅನ್ನುವ ಹುಕುಂ ಒಪ್ಪದೆ ಸಿಡಿದೆದ್ದು ನಾಶವಾದರು. ಆ ಲಾವಣಿಯನ್ನು ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ, ಐದು ಮಾರ್ಕಿನ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೇವೆ. ಬೇಟೆ ಅವರ ಅನ್ನ, ಕಾವಲು ಅವರ ನೌಕರಿ, ಆಯುಧ ಅವರ ಮಾನ. ಅದನ್ನು ಕೊಡು ಅಂದರೆ ನಾಳೆಯಿಂದ ನೀನು ಯಾರೂ ಅಲ್ಲ ಅಂತ ಹೇಳಿದ ಹಾಗೆ. ಅಂಥವರ ಮುಂದೆ ನಿಂತು ಆಯುಧ ಕೆಟ್ಟದ್ದು ಅನ್ನಲು ನಾನು ಯಾರು?

ಆದರೆ ಆ ಕಾಲದವರು ತಮ್ಮ ಸತ್ತ ವೀರರನ್ನು ಕಲ್ಲಿನಲ್ಲಿ ಹೇಗೆ ನೆನೆದರು ಅನ್ನುವುದನ್ನೂ ನೋಡಬೇಕು. ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲಿ ವೀರಗಲ್ಲುಗಳಿವೆ. ದನ ಕಟ್ಟಲು, ಬಟ್ಟೆ ಒಗೆಯಲು ಬಳಸಿದ್ದೂ ಉಂಟು. ಸಾಮಾನ್ಯವಾಗಿ ಮೂರು ಪಟ್ಟಿ. ಕೆಳಗೆ ಕಾಳಗ, ವೀರನ ಕೈಯಲ್ಲಿ ಕತ್ತಿಯೋ ಬಿಲ್ಲೋ. ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲಿನ ಪಟ್ಟಿಯಲ್ಲಿ ಲಿಂಗದ ಎದುರು ಕೈಮುಗಿದು ಕೂತಿದ್ದಾನೆ. ಅಲ್ಲಿ ಕತ್ತಿ ಇಲ್ಲ. ಕೆಳಗೇ ಬಿಟ್ಟು ಹೋಗಿದ್ದಾನೆ. ದನ ಕಾಯಲು, ಊರು ಕಾಯಲು ಹಿಡಿದದ್ದು, ಕೆಲಸ ಮುಗಿಯಿತು, ಇಳಿಸಿದ.

ದಸರೆಯ ಬನ್ನಿಯಲ್ಲೂ ಇದೇ ಇದೆ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಹೆಣದ ಥರ ಕಟ್ಟಿ ಬನ್ನಿ ಮರದ ಮೇಲಿಟ್ಟರು. ಒಂದು ವರ್ಷ ಭೀಮ ಅಡುಗೆ ಮಾಡಿದ, ಅರ್ಜುನ ಡ್ಯಾನ್ಸ್ ಕಲಿಸಿದ, ನಕುಲ ಕುದುರೆ ನೋಡಿದ, ಸಹದೇವ ದನ ನೋಡಿದ. ಊರು ಬಿಟ್ಟು ಬೆಂಗಳೂರಿನಲ್ಲಿ ಯಾರದೋ ಕೋಡ್ ಬರೆಯುವ ನಮಗೆ ಈ ವಿರಾಟಪರ್ವ ಬೇಗ ಅರ್ಥವಾಗುತ್ತದೆ. ವಿಜಯದಶಮಿಗೆ ನಾವು ಪೂಜೆ ಮಾಡುವುದು ಆಯುಧವನ್ನು ಇಳಿಸಿಟ್ಟುಕೊಂಡು ಕಾಪಾಡಿದ ಆ ಮರಕ್ಕೆ. ಒಬ್ಬರಿಗೊಬ್ಬರು ಕೊಡುವುದು ಅದರ ಎಲೆ. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು" ಅಂತೀವಿ.

ಅದೇ ವರ್ಷ ದಸರೆಗೆ ಊರಿಗೆ ಹೋದೆ. ಮುಂಜಾನೆ ಬಸ್ಸಿಳಿದಾಗ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮೇಲೆ ಇನ್ನೂ ಮಂಜಿತ್ತು. ತಮ್ಮ ಬೈಕ್ ತಂದಿದ್ದ. ದಾರಿಯಲ್ಲಿ ಇಷ್ಟನ್ನೂ ಹೇಳಿದೆ. ಗಾಳಿಗೆ ಅರ್ಧ ಕೇಳಿಸಿತೋ ಇಲ್ಲವೋ. ನಮ್ಮೂರ ಅಗಸಿ ಬಳಿ ಹನುಮಪ್ಪನ ಗುಡಿ ಮುಂದೆ ಗಾಡಿ ನಿಲ್ಲಿಸಿ ಒಳಗಿಣುಕಿದ.

"ಯಣ್ಣ, ಹನುಮಪ್ಪನ ಕೈಯಾಗ ಗದಾ ಇಲ್ಲಲಾ!"

ನಾನೂ ಅವತ್ತೇ ಸರಿಯಾಗಿ ನೋಡಿದ್ದು. ಒಂದು ಕೈ ಮೇಲೆತ್ತಿದೆ, ಇನ್ನೊಂದರಲ್ಲಿ ಹೂವು, ತಲೆ ಮೇಲೆ ಸುತ್ತಿದ ಬಾಲಕ್ಕೆ ಗಂಟೆ. ವ್ಯಾಸರಾಯರು ಪ್ರತಿಷ್ಠಾಪಿಸಿದರು ಅನ್ನುವ ಹನುಮಂತನ ಮೂರ್ತಿಗಳು ಇದೇ ಥರ ಇರುತ್ತವೆ. ಗದೆ ನಮ್ಮ ತಲೆಗೆ ಬಂದದ್ದು ಕ್ಯಾಲೆಂಡರಿನಿಂದ, ಟಿವಿಯಿಂದ.

ಆಯಿ ತೀರಿಕೊಂಡು ಐದು ವರ್ಷ ಆಯಿತು. ಅವಳಾದ ಮೇಲೆ ಜಗಲಿಯ ಖಂಡೆಯನ್ನು ಅವ್ವ ಇಳಿಸುತ್ತಿದ್ದಳು. ಆ ವರ್ಷ ನವಮಿಗೆ ಅವ್ವ ಕೈತೊಳೆದುಕೊಂಡು ಬಂದವಳು ಯಾಕೋ ನಿಂತು ತಮ್ಮನ ಕಡೆ ನೋಡಿದಳು. "ಈ ಸಲ ನೀ ಇಳಸಪಾ" ಅಂದಳು.

ಕಾಕಾ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ತಮ್ಮ ಎರಡೂ ಕೈಯಲ್ಲಿ ಅಲಗನ್ನು ಇಳಿಸಿದ. ಒರೆಸಿದ, ಎಣ್ಣೆ ಹಚ್ಚಿದ, ಭಂಡಾರ ಹಚ್ಚಿದ. ಫೋನು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಕೆಳಗಿನ ಸಾಲಿನಲ್ಲಿ ಕುಡಗೋಲು, ಕೊಡ್ಲಿ, ಅವನ ಬೈಕಿನ ಕೀ, ನನ್ನ ಲ್ಯಾಪ್‌ಟಾಪು. ಎಲ್ಲಕ್ಕೂ ಕುಂಕುಮ ಆದ ಮೇಲೆ ಅಲಗನ್ನು ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟು ನನ್ನ ಕಡೆ ತಿರುಗಿದ.

"ಭಾಳ ಭಾರ ಅದ ಯಣ್ಣ ಇದು" ಅಂದ.